ಸೆಲ್ಫ್ ಒಡೆದು ಚೂರು ಒಳಗೆ ಬಿದ್ದಿದೆ, ಟ್ರ್ಯಾಕ್ಟರ್ ನಡು ಬಿಚ್ಚಲೇಬೇಕಾ?

ಪ್ರಶ್ನೆ: ಅಣ್ಣ, ನಮ್ಮದು ಹಳೇ ಮ್ಯಾಸಿ 1035. ನಿನ್ನೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆದಾಗ ಖಟ್ ಅಂತು. ಆಮೇಲೆ ಮೋಟರ್ ಸುಮ್ನೆ ಗಿರಗಿರ ತಿರುಗಿತು, ಎಂಜಿನ್ ಅಲ್ಲಾಡಲಿಲ್ಲ. ಬಿಚ್ಚಿದರೆ ಸೆಲ್ಫಿನ ಮೂತಿಯೇ ಮುರಿದಿದೆ. ಎರಡು ಚೂರು ಸಿಕ್ಕಿತು, ಉಳಿದದ್ದು ಒಳಗೆ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಕಡೆ ಬಿದ್ದಿದೆ. ಬಿತ್ತನೆ ಟೈಮು. ಹಾಗೇ ಹೊಸ ಸೆಲ್ಫ್ ಹಾಕಿ ಓಡಿಸಬಹುದಾ?

ಮೆಕ್ಯಾನಿಕ್: ಬೇಡವೇ ಬೇಡ. ಒಂದು ಚೂರು ಫ್ಲೈವೀಲಿಗೂ ಅದರ ಹೊರಗವಚವಾದ ಹೌಸಿಂಗಿಗೂ ನಡುವೆ ಸಿಕ್ಕರೆ ಫ್ಲೈವೀಲಿನ ಸುತ್ತ ಇರುವ ರಿಂಗ್ ಗೇರ್ ಹಲ್ಲು ಹೋಗುತ್ತದೆ, ಹೌಸಿಂಗೇ ಸೀಳಬಹುದು. ಆದರೆ ನಡು ಬಿಚ್ಚುವುದು, ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರೆ ಮಾಡುವುದು, ಕೊನೆಯ ಮಾತು.

ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಆಮೇಲೆ ಸಿಕ್ಕ ಚೂರುಗಳನ್ನು ಪೇಪರ್ ಮೇಲಿಟ್ಟು, ಒಡೆದ ಮಡಕೆ ಜೋಡಿಸಿದ ಹಾಗೆ ಮುರಿದ ಮೂತಿಗೆ ಜೋಡಿಸಿ ನೋಡಿ. ಎಷ್ಟು ಕಮ್ಮಿ ಇದೆ ಅಂತ ಗೊತ್ತಾಗದೆ ಹುಡುಕಿದರೆ ಯಾವಾಗ ನಿಲ್ಲಿಸಬೇಕೋ ತಿಳಿಯಲ್ಲ. ಆ ಮೂತಿಗೆ ಮ್ಯಾಗ್ನೆಟ್ ಹಿಡಿಯುತ್ತಾ ಅದನ್ನೂ ನೋಡಿ. ಅಲ್ಯೂಮಿನಿಯಂ ಆದರೆ ಹಿಡಿಯಲ್ಲ.

ಇನ್ನೊಬ್ಬ ಸದಸ್ಯ: ಸೀಮೆಎಣ್ಣೆ ಹೊಡೆದು ತೊಳೆದರೆ ಹೌಸಿಂಗಿನ ಕೆಳಗಿನ ತೂತಿಂದ ಚೂರು ಬರಲ್ವಾ?

ಮೆಕ್ಯಾನಿಕ್: ಆ ತೂತು ಒಸರಿದ ಆಯಿಲ್ ಇಳಿಯಲಿ ಅಂತ ಇಟ್ಟದ್ದು, ಚೂರು ಇಳಿಯುವಷ್ಟು ದೊಡ್ಡದಲ್ಲ. ಸೀಮೆಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ಆಮೇಲೆ ಕ್ಲಚ್ ಜಾರುತ್ತದೆ. ಗಾಳಿಯೂ ಹೊಡೆಯಬೇಡಿ. ಚೂರು ಕ್ಲಚ್ ಒಳಗೆ ಹೋಗಿ ಕೂರಬಹುದು. ಹಳೇ ಕ್ಲಚ್ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಮೂಗಿಗೆ ಒಳ್ಳೆಯದಲ್ಲ.

ಪ್ರಶ್ನೆ ಕೇಳಿದವರು: ಮೂತಿಗೆ ಮ್ಯಾಗ್ನೆಟ್ ಹಿಡೀತಿಲ್ಲ ಅಣ್ಣ. ಜೋಡಿಸಿ ನೋಡಿದೆ, ಇನ್ನೂ ಮೂರು ಚೂರು ಬೇಕು. ಪಿನಿಯನ್ನಿನ (ಸೆಲ್ಫಿನ ತುದಿಯ ಚಿಕ್ಕ ಗೇರ್) ಹಲ್ಲೂ ಒಂದು ಮುರಿದು ಹೋಗಿದೆ.

ಮೆಕ್ಯಾನಿಕ್: ಹಲ್ಲು ಸ್ಟೀಲು, ಪೆನ್ನಿನಂಥ ಮ್ಯಾಗ್ನೆಟ್ ಸಾಕು. ಸ್ಪೀಕರ್ ಮ್ಯಾಗ್ನೆಟ್ ತಂದರೆ ಅದು ಫ್ಲೈವೀಲಿಗೇ ಕಚ್ಚಿಕೊಂಡು ಹೊಸ ತಲೆನೋವು. ಅಲ್ಯೂಮಿನಿಯಂ ಚೂರಿಗೆ ನಾನು ಮಾಡುವುದು ಇದು: ಸೈಕಲ್ ಸ್ಪೋಕ್ ತುದಿ ಬಗ್ಗಿಸಿ, ಇಲಿ ಹಿಡಿಯುವ ಅಂಟು ಸ್ವಲ್ಪ ಸವರಿ, ಚೂರಿನ ಮೇಲೆ ಒತ್ತಿ ನಿಧಾನಕ್ಕೆ ಎತ್ತುವುದು. ಮೊಬೈಲಿನ ಟಾರ್ಚ್ ಹಾಕಿ ಸೆಲ್ಫ್ ಬಿಚ್ಚಿದ ತೂತಿನೊಳಗೆ ವಿಡಿಯೋ ಮಾಡಿ, ಹೊರಗೆ ನೋಡಿ. ಕಣ್ಣಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಕಾಣುವುದನ್ನೆಲ್ಲ ತೆಗೆದ ಮೇಲೆ ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡುವ ಸ್ಟಾಪ್ ನಾಬ್ ಎಳೆದಿಡಿ. ಅದೇ ತೂತಿನಿಂದ ರಿಂಗ್ ಗೇರ್ ಹಲ್ಲಿಗೆ ದೊಡ್ಡ ಸ್ಕ್ರೂಡ್ರೈವರ್ ಕೊಟ್ಟು ಒಂದೊಂದೇ ಹಲ್ಲು ಮೀಟಿ ಫ್ಲೈವೀಲ್ ತಿರುಗಿಸಿ. ಬಿಗಿಯಾಯಿತೋ, ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಬಲ ಹಾಕಬೇಡಿ.

ಪ್ರಶ್ನೆ ಕೇಳಿದವರು: ಅಣ್ಣ, ಮೂರು ಚೂರೂ ಬಂತು! ಇಲಿ ಅಂಟು ನಮ್ಮ ಅಂಗೈಗೇ ಜಾಸ್ತಿ ಹತ್ತಿತು, ಅದು ಬೇರೆ ಕಥೆ. ಹಲ್ಲು ಮಾತ್ರ ಸಂಜೆವರೆಗೂ ಹುಡುಕಿದರೂ ಇಲ್ಲ. ಕೊನೆಗೆ ನೋಡಿದರೆ ಬಿಚ್ಚಿಟ್ಟ ಸೆಲ್ಫಿನಲ್ಲೇ, ಪಿನಿಯನ್ ಹಿಂದಿನ ಗ್ರೀಸಿನಲ್ಲಿ ಹೂತಿತ್ತು.

ಮೆಕ್ಯಾನಿಕ್: ಸುಮಾರು ಸಲ ಹಾಗೇ ಆಗುತ್ತದೆ. ಈಗ ಹೊಸದು ಕೂರಿಸುವ ಮುಂಚೆ ರಿಂಗ್ ಗೇರ್ ಪೂರಾ ಒಂದು ಸುತ್ತು ನೋಡಿ. ಮೂರು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಹೆಚ್ಚುಕಮ್ಮಿ ಅದೇ ಮೂರು ಜಾಗದಲ್ಲಿ ನಿಲ್ಲುತ್ತದೆ, ಅಲ್ಲೇ ಹಲ್ಲು ಸವೆಯುವುದು. ಅಂದಹಾಗೆ, ಬಿಚ್ಚುವಾಗ ಸೆಲ್ಫಿನ ಬೋಲ್ಟು ಬಿಗಿಯಾಗಿ ಇತ್ತಾ?

ಪ್ರಶ್ನೆ ಕೇಳಿದವರು: ಒಂದು ಕೈಯಲ್ಲೇ ತಿರುಗಿ ಬಂತು ಅಣ್ಣ.

ಮೆಕ್ಯಾನಿಕ್: ಮೂತಿ ಮುರಿದದ್ದು ಅದಕ್ಕೇ. ಸೆಲ್ಫ್ ವಾರೆಯಾಗಿ ಕೂತು ಹೊಡೆದಿದೆ. ಹೊಸ ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.