ಮರದ ಹೂಕುಂಡಕ್ಕೆ ಹಳೇ ತುಕ್ಕುಕಬ್ಬಿಣದ ರೂಪ ಕೊಡೋದು ಹೇಗೆ?

ಪ್ರಶ್ನೆ: ಜಗುಲಿಗೆ 18 ಮಿ.ಮೀ. ಮರೀನ್ ಪ್ಲೈನಲ್ಲಿ (ನೀರು ತಡೆಯೋ ಪ್ಲೈವುಡ್) 2 ಅಡಿ ಉದ್ದದ ಎರಡು ಪೆಟ್ಟಿಗೆ ರೆಡಿ ಇವೆ. ಕಂದು ಬಣ್ಣ ಬಳಿದರೆ ತುಕ್ಕಿನ ಹಾಗಲ್ಲ, ಚಾಕಲೇಟ್ ಥರ ಕಾಣ್ತಿದೆ. ಏನು ಮಾಡಬಹುದು?

ಉತ್ತರ 1: ಒಂದೇ ಬಣ್ಣದಲ್ಲಿ ಆಗಲ್ಲ. ಪ್ರೈಮರ್ ಮೇಲೆ ಮ್ಯಾಟ್ (ಹೊಳಪಿಲ್ಲದ) ಕಪ್ಪು ಹೊಡೆದು ಪೂರ್ತಿ ಒಣಗಿಸಿ. ಕಡುಕಂದು ಅಕ್ರಿಲಿಕ್‌ಗೆ ಸ್ವಲ್ಪ ಅಡುಗೆ ಸೋಡಾ ಬೆರೆಸಿದರೆ ತರಿತರಿ ಬರುತ್ತೆ. ಸ್ಪಂಜಲ್ಲಿ ಒತ್ತಿ, ಎಳೀಬೇಡಿ. ಕಿತ್ತಳೆ ಬಣ್ಣ ನೀರು ನಿಲ್ಲೋ ಕಡೆ ಮಾತ್ರ: ಸ್ಕ್ರೂ ತಲೆ, ಮೂಲೆ, ಕೆಳಗಿನ ಅಂಚು. ಎಲ್ಲಾ ಕಡೆ ಬಳಿದರೆ ನಾಟಕದ ಸೆಟ್ಟೇ!

ಉತ್ತರ 2: ನಿಜವಾದ ತುಕ್ಕೇ ಬೇಕಂದ್ರೆ ಕಬ್ಬಿಣದ ಪುಡಿ ಬೆರೆಸಿದ ಅಕ್ರಿಲಿಕ್ ಎರಡು ಕೋಟ್ ಕೊಡಿ. ಅರ್ಧ ಲೀಟರ್ 3% ಹೈಡ್ರೋಜನ್ ಪೆರಾಕ್ಸೈಡ್‌ಗೆ 60 ಮಿ.ಲೀ. ವಿನೆಗರ್, ಒಂದೂವರೆ ಟೀಚಮಚ ಉಪ್ಪು ಹಾಕಿ ಸಿಂಪಡಿಸಿ. ಕೈಗವಸು ಇರಲಿ. ಉಳಿದದ್ದನ್ನು ಮುಚ್ಚಳ ಬಿಗಿದು ಇಡಬೇಡಿ, ಗ್ಯಾಸ್ ತುಂಬಿ ಬಾಟಲಿ ಉಬ್ಬುತ್ತೆ. ಒಣಗಿದ ಮೇಲೆ ಮ್ಯಾಟ್ ಪಿಯು ಕ್ಲಿಯರ್ (ಬಣ್ಣವಿಲ್ಲದ ಪಾಲಿಯುರೆಥೇನ್ ವಾರ್ನಿಷ್) ಹೊಡೀರಿ, ಇಲ್ಲಾಂದ್ರೆ ಮಳೆನೀರಿಗೆ ತುಕ್ಕು ಇಳಿದು ನೆಲದ ಮೇಲೆ ಕಲೆ.

ಉತ್ತರ 3: ಹೊರಗಿನ ಬಣ್ಣ ಏಳೋದು ಹೆಚ್ಚಾಗಿ ಒಳಗಿನ ತೇವದಿಂದ. ಪ್ಲೈನ ಕತ್ತರಿಸಿದ ಅಂಚಿಗೆ ಎಪಾಕ್ಸಿ (ಗಟ್ಟಿಯಾಗಿ ನೀರು ತಡೆಯೋ ಅಂಟು) ಕುಡಿಸಿ, ತಳಕ್ಕೆ 12 ಮಿ.ಮೀ.ನ ನಾಲ್ಕು ತೂತು, ಕೆಳಗೆ 1 ಇಂಚಿನ ಕಾಲು. ಮಣ್ಣು ನೇರ ತುಂಬೋದಕ್ಕಿಂತ ಒಳಗೆ ಪ್ಲಾಸ್ಟಿಕ್ ಕುಂಡ ಇಳಿಸೋದೇ ವಾಸಿ.