ರಿನೇಮ್ ಕೊಟ್ಟರೂ ‘ಸೋಬಾನೆ’ ಫೈಲುಗಳ ಹೆಸರು ಬದಲಾಗುತ್ತಿಲ್ಲ

ಪ್ರಶ್ನೆ:
ಅಮ್ಮ ಹಾಡಿದ ಸೋಬಾನೆ ಪದಗಳ 412 ಎಂಪಿ3 ಫೈಲುಗಳಿವೆ. ಅಣ್ಣನ ಹಳೇ ಮ್ಯಾಕ್‌ನಿಂದ ಆರ್‌ಸಿಂಕ್ (ಫೈಲು ನಕಲಿಸುವ ಕಮಾಂಡ್) ಮಾಡಿ ನನ್ನ ಉಬುಂಟು ಕಂಪ್ಯೂಟರಿಗೆ ತಂದುಕೊಂಡೆ. ಹೆಸರುಗಳು ‘ಸೋಬಾನೆ 1’, ‘ಸೋಬಾನೆ 2’ ಹೀಗೆ. ಪ್ಲೇಯರ್‌ನಲ್ಲಿ 1 ಆದಮೇಲೆ 10, 100 ಬರುತ್ತವೆ. ಎಣ್ಣೆ ಹಚ್ಚುವ ಹಾಡಿಗೆ ಮೊದಲೇ ಹೆಣ್ಣೊಪ್ಪಿಸುವ ಹಾಡು ಕೇಳಿಸುತ್ತೆ. ಅಮ್ಮ ಮದುವೆ ನಡೆಯುವ ಕ್ರಮದಲ್ಲೇ ಹಾಡಿದ್ದಾಳೆ, ಅದು ಕೆಡಬಾರದು. ‘ಸೋಬಾನೆ-001’ ಅಂತ ಮಾಡೋಣವೆಂದು, ಹೆಸರುಗಳನ್ನು ಒಟ್ಟಿಗೆ ಬದಲಿಸುವ ರಿನೇಮ್ ಕಮಾಂಡ್ ಕೊಟ್ಟೆ. ಎರರೂ ಇಲ್ಲ, ಬದಲಾವಣೆಯೂ ಇಲ್ಲ. ಅಕ್ಷರ ಅಕ್ಷರ ನೋಡಿದೆ, ಕಾಗುಣಿತ ಸರಿಯಾಗೇ ಇದೆ.

ಉತ್ತರ 1:
ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ರಿನೇಮ್‌ಗೆ ಡ್ಯಾಶ್ ಎನ್ (-n) ಹಾಕಿದರೆ ಏನಾಗಬಹುದು ಅಂತ ಬರೀ ತೋರಿಸುತ್ತೆ, ಏನನ್ನೂ ಮುಟ್ಟಲ್ಲ. ಒಂದು ಫೈಲಿನ ಹೆಸರು ಬದಲಿಸೋ ಎಂವಿ ಕಮಾಂಡನ್ನು ಫಾರ್ ಲೂಪಿನಲ್ಲಿ (ಎಲ್ಲ ಫೈಲಿಗೂ ಸಾಲಾಗಿ) ಹಾಕೋಕೆ ಹೋಗಬೇಡಿ. ಎರಡು ಹಾಡಿಗೆ ಒಂದೇ ಹೆಸರು ಬಂತೋ, ಒಂದು ಹಾಡು ಹೋಯ್ತು ಅಂತಲೇ.

ಉತ್ತರ 2:
ಹಳೇ ಮ್ಯಾಕ್ ಅಂದಿರಲ್ಲ, ಅಲ್ಲೇ ಇದೆ ವಿಷಯ. ಅದರ ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ) ಡಿಸ್ಕು ಹೆಸರಿನ ಅಕ್ಷರಗಳನ್ನು ಬಿಡಿಸಿ ಇಡುತ್ತೆ. ನೀವು ಟೈಪ್ ಮಾಡುವ ‘ಸೋ’ದಲ್ಲಿ ಓತ್ವ ಒಂದೇ ಚಿಹ್ನೆ, ಮೂರು ಬೈಟು. ಫೈಲಿನ ‘ಸೋ’ದಲ್ಲಿ ಅದೇ ಓತ್ವ ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ತುಂಡು, ಒಂಬತ್ತು ಬೈಟು. ಪರದೆ ಮೇಲೆ ಎರಡೂ ಒಂದೇ ಥರ. ರಿನೇಮ್ ಹಿಂದಿರುವ ಪರ್ಲ್ ಭಾಷೆ ಬೈಟುಗಳನ್ನು ಹೋಲಿಸುತ್ತೆ, ಹಾಗಾಗಿ ನೀವು ಟೈಪ್ ಮಾಡಿದ ಹೆಸರು ಅದಕ್ಕೆ ಸಿಗಲ್ಲ. ಫೈಲು ಹೆಸರಿನ ಎನ್‌ಕೋಡಿಂಗ್ ಬದಲಿಸುವ ಕಾನ್ವ್‌ಎಂವಿ ಹಾಕಿಕೊಂಡು, ಇಂದ-ಗೆ ಎರಡೂ ಕಡೆ ಯುಟಿಎಫ್-8 ಕೊಟ್ಟು, ತುಂಡುಗಳನ್ನು ಕೂಡಿಸುವ ಎನ್‌ಎಫ್‌ಸಿ ಆಯ್ಕೆ ಸೇರಿಸಿ. ಅದು ತಾನಾಗಿ ತೋರಿಸುತ್ತೆ ಅಷ್ಟೆ. ‘ನೋಟೆಸ್ಟ್’ ಅಂದಮೇಲೇ ನಿಜವಾಗಿ ಬದಲಿಸುತ್ತೆ.

ಪ್ರಶ್ನೆ ಕೇಳಿದವರು:
ಬೈಟುಗಳನ್ನು ತೋರಿಸುವ ಹೆಕ್ಸ್‌ಡಂಪ್‌ನಲ್ಲಿ ನೋಡಿದೆ, ನೀವು ಹೇಳಿದ ಮೂರು ತುಂಡೂ ಇದ್ದವು. ಎರಡು ಗಂಟೆ ಕಾಗುಣಿತ ತಿದ್ದುತ್ತಾ ಕೂತಿದ್ದೆ! ಕಾನ್ವ್‌ಎಂವಿ ಓಡಿಸಿದ ಕೂಡಲೇ ರಿನೇಮ್ ಹಿಡಿಯಿತು. ಅಂಕಿಗೆ ಸೊನ್ನೆ ಸೇರಿಸಲು ರಿನೇಮ್‌ನಲ್ಲಿ ಪರ್ಲ್‌ನ ಸ್ಪ್ರಿಂಟ್‌ಎಫ್ ಬಳಸಿದೆ, ಕೊನೆಗೆ ಇ (ಅದನ್ನು ಓಡಿಸಲು) ಜೊತೆ ಜಿ (ಸಿಕ್ಕ ಅಂಕಿಯನ್ನೆಲ್ಲ ಬದಲಿಸಲು) ಕೂಡ ಹಾಕಿದ್ದೆ. ಡ್ಯಾಶ್ ಎನ್ ಕೊಟ್ಟಿದ್ದಕ್ಕೆ ಉಳಿದೆ: ಎಂಪಿ3 ಅನ್ನುವುದು ಎಂಪಿ003 ಆಗುವುದರಲ್ಲಿತ್ತು. ಜಿ ತೆಗೆದ ಮೇಲೆ ಮೊದಲ ಅಂಕಿ ಮಾತ್ರ ಬದಲಾಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ 001ರಿಂದ ಹಚ್ಚಿದ್ದೇನೆ, ಎಣ್ಣೆ ಹಚ್ಚುವ ಹಾಡು ನಡೀತಿದೆ.