ಯಾರ ಊರಿನ ಸ್ವೀಡಿಷ್ ಶುದ್ಧ?

ಸ್ವೀಡನ್ನಿನಲ್ಲಿ ನೆಲೆಸಿರುವ ನಾವು ನಾಲ್ವರು ಕನ್ನಡಿಗರು ಸ್ಟಾಕ್‌ಹೋಮಿನಲ್ಲಿ ಕಾಫಿಗೆ ಸೇರಿದರೆ, ರಾಜಕೀಯಕ್ಕಿಂತ ಬೇಗ ಜಗಳ ಹತ್ತಿಕೊಳ್ಳುವುದು ಯಾರ ಊರಿನ ಸ್ವೀಡಿಷ್ ಶುದ್ಧವೆಂಬ ವಿಷಯಕ್ಕೆ. ನಮ್ಮಲ್ಲಿ ಒಬ್ಬರೂ ಆ ಭಾಷೆಯನ್ನು ತಾಯಿಯ ಮಡಿಲಲ್ಲಿ ಕಲಿತವರಲ್ಲ. ಆದರೂ ನೌಕರಿ ಸಿಕ್ಕ ಊರಿನ ಉಚ್ಚಾರಣೆಗಾಗಿ ಮೀಸೆ ತಿರುವುವುದನ್ನು ಬಿಟ್ಟಿಲ್ಲ.

ಮಾಲ್ಮೋದ ಗೆಳೆಯನ ರಕಾರಗಳೆಲ್ಲ ಗಂಟಲಿನಿಂದಲೇ ಹೊರಡುವುದರಿಂದ, ಆತ ಉಪ್ಪುನೀರು ಮುಕ್ಕಳಿಸುತ್ತಿರುವಂತೆ ಕೇಳಿಸುತ್ತದೆ. "ಇದು ಇತಿಹಾಸದ ಕೊಡುಗೆ. 1658ರ ರೋಸ್ಕಿಲ್ಡೆ ಒಪ್ಪಂದದವರೆಗೆ ನಮ್ಮ ಸ್ಕೋನೆ ಪ್ರಾಂತ್ಯವು ಡೆನ್ಮಾರ್ಕಿಗೆ ಸೇರಿತ್ತು" ಎಂದು ಆತನು 'ನಮ್ಮ' ಎಂಬುದನ್ನು ಒತ್ತಿ ಹೇಳಿದನು. ಆ ರಕಾರವು ಒಪ್ಪಂದವಾಗಿ ಎಷ್ಟೋ ಕಾಲದ ಮೇಲೆ ಡೆನ್ಮಾರ್ಕಿನ ಕಡೆಯಿಂದ ಹಬ್ಬಿದ್ದೆಂದು ನಾನು ತಿದ್ದಿದಾಗ, "ಎರಡು ದೋಣಿಯಲ್ಲಿ ಕಾಲಿಟ್ಟವನು ನನಗೆ ಪಾಠ ಹೇಳಬೇಡ" ಎಂದು ಗದರಿದನು. ಅದರಲ್ಲಿ ಸತ್ಯವಿತ್ತು. ನಾನಿರುವ ಯೊನ್‌ಶೋಪಿಂಗಿನ ಸುತ್ತಮುತ್ತಲಿನ ಹಳೆಯ ಮಾತಿನಲ್ಲಿ ಪದದ ಮೊದಲಿಗೆ ಬರುವ ರಕಾರ ಗಂಟಲಿನದು, ಕೊನೆಗೆ ಬರುವುದು ನಾಲಗೆಯ ತುದಿಯದು.

"ನೀವಿಬ್ಬರೂ ಸುಮ್ಮನಿರಿ, ವಾರ್ತೆ ಓದುವವರು ಆಡುವುದು ನಮ್ಮ ಸ್ವೀಡಿಷ್" ಎಂದನು ಸ್ಟಾಕ್‌ಹೋಮಿನವನು. ಹಾಗಾದರೆ ರಾಜಧಾನಿಯ ಪಕ್ಕದ ಲಿದಿಂಗೊ ದ್ವೀಪದ ಸಿರಿವಂತರು ಇಕಾರವನ್ನು ಜೇನುಹುಳದ ಸ್ವರದಲ್ಲಿ ಎಳೆಯುವುದೇಕೆಂದು ಕೇಳಿದೆ. ಅದೇ ಇಕಾರ ನೆರ್ಕೆ ಪ್ರಾಂತ್ಯದ ವೀಬಿ ಎಂಬ ಹಳ್ಳಿಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ರೈತನ ಬಾಯಲ್ಲಿ ಗಾವಿಲತನವೆನಿಸುವ ಧ್ವನಿಯು ಬಂಗಲೆಯವರ ಬಾಯಲ್ಲಿ ನಾಜೂಕಾಗುವುದಾದರೆ, ಶುದ್ಧಿಯನ್ನು ಅಳೆಯುವುದು ಕಿವಿಯೋ ಬ್ಯಾಂಕಿನ ಪಾಸ್‌ಬುಕ್ಕೋ!

ಅಷ್ಟರಲ್ಲಿ ಉತ್ತರದ ಉಮಿಯೊದಿಂದ ಬಂದ ಗೆಳತಿಯು ಬಾಯಿ ಹಾಕಿದಳು: "ಪ್ರಾಚೀನತೆಯೇ ಶುದ್ಧಿಯಾದರೆ ದಾಲಾರ್ನಾ ಪ್ರಾಂತ್ಯದ ಎಲ್ವ್‌ದಾಲೆನ್ ಜನರಿಗೆ ನಾವೆಲ್ಲರೂ ಕೈ ಮುಗಿಯಬೇಕು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಿ ರೂನ್ ಎಂಬ ಪ್ರಾಚೀನ ಲಿಪಿಯ ಬಳಕೆ ಉಳಿದಿತ್ತು. ಮೂಗಿನಿಂದ ನುಡಿಯುವ ಹಳೆಯ ಸ್ವರಗಳು ಇಂದಿಗೂ ಅಲ್ಲಿವೆ. ಸ್ವೀಡನ್ನಿನವರಿಗೇ ಆ ಮಾತು ಅರ್ಥವಾಗುವುದಿಲ್ಲ. ಆದರೂ ಸರ್ಕಾರವು 2000ದಲ್ಲಿ ಮಾನ್ಯ ಮಾಡಿದ ಐದು ಅಲ್ಪಸಂಖ್ಯಾತ ಭಾಷೆಗಳಲ್ಲಿ ಅದಕ್ಕೆ ಸ್ಥಾನವಿಲ್ಲ."

ಅರ್ಥವೇ ಆಗದ ಮಾತನ್ನು ಉಪಭಾಷೆಯೆಂದು ಕರೆಯುವ ಸರ್ಕಾರದ ಧೈರ್ಯಕ್ಕೆ ನಾವು ಒಮ್ಮತದಿಂದ ತಲೆದೂಗಿದೆವು. ಒಮ್ಮತವಾದದ್ದು ಅದೊಂದರಲ್ಲೇ. ಇನ್ನು ಮುಂದೆ ಎಲ್ಲರೂ ತನ್ನಂತೆಯೇ ಮಾತನಾಡಬೇಕೆಂದು ಸ್ಟಾಕ್‌ಹೋಮಿನವನು ಠರಾವು ಮಂಡಿಸಿದಾಗ, ಗೆಳತಿಯು ತುಟಿ ಚೂಪು ಮಾಡಿ ಸುರ್ರೆಂದು ಉಸಿರನ್ನು ಒಳಗೆಳೆದುಕೊಂಡಳು. ಉಮಿಯೊದ ಕಡೆ 'ಹೌದು' ಎನ್ನುವುದೇ ಹಾಗೆ. ಆಕೆಯದು ಸಮ್ಮತಿಯೋ, ಕಾಫಿ ಬಿಸಿಯಾಗಿತ್ತೋ ಎಂಬುದರ ಮೇಲೆ ಮಾಲ್ಮೋದವನೂ ಸ್ಟಾಕ್‌ಹೋಮಿನವನೂ ಮತ್ತೆ ಜಗಳಕ್ಕೆ ನಿಂತರು.